ಮೊದಲು ಕೇಳಿದವರು ಸಿದ್ದಗಂಗಮ್ಮ

ಅಧ್ಯಕ್ಷತೆ ವಹಿಸಿರುವ ಹಾಲಸ್ವಾಮಿಯವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ದಂಡಿನಶಿವರದ ನರ್ಸಮ್ಮ ಸಿದ್ದಗಂಗಮ್ಮನವರೇ, ಅವರನ್ನು ಕಳಿಸಿಕೊಡಲು ಮನಸ್ಸಿಲ್ಲದೆ ಕೂತಿರುವ ಸಭಿಕರೇ,

ಎಂಟನೇ ತರಗತಿಗೆ ಗಣಿತ ಹೇಳುವ ವನಜಾಕ್ಷಿ ನಾನು. ಮುಟ್ಟು ನಿಲ್ಲುವ ಕಾಲದ ಬಗ್ಗೆ ಎರಡು ಮಾತಾಡುತ್ತೇನೆ. ಗಂಡಸರು ಎದ್ದು ಹೋಗಬೇಡಿ, ಊಟ ನನ್ನ ಭಾಷಣ ಮುಗಿದ ಮೇಲೆಯೇ.

ಹೋದ ವರ್ಷ ನನಗೆ ನಲವತ್ತೇಳು. ಮುಟ್ಟು ಒಂದು ತಿಂಗಳು ಬಂದರೆ ಎರಡು ತಿಂಗಳಿಲ್ಲ. ನಿದ್ದೆಯಿಲ್ಲ. ಇದ್ದಕ್ಕಿದ್ದಂತೆ ಮೈ ಬೆವರುವುದು, ಎಲ್ಲರ ಮೇಲೂ ಸಿಡುಕು. ಒಂದು ದಿನ ಸಿಂಧು ಎಂಬ ಹುಡುಗಿ ಅದೇ ಲೆಕ್ಕವನ್ನು ಮೂರನೇ ಸಲ ಕೇಳಿದಳು. ಕೈಲಿದ್ದ ಡಸ್ಟರ್ ಎಸೆದುಬಿಟ್ಟೆ. ಮಗುವಿನ ಹುಬ್ಬು ಒಡೆದು ರಕ್ತ ಬಂತು. ಇಪ್ಪತ್ತು ವರ್ಷದಲ್ಲಿ ಯಾರ ಮೇಲೂ ಕೈ ಎತ್ತದವಳು ನಾನು!

ಸಿದ್ದಗಂಗಮ್ಮ ಬಂದು ಪಟ್ಟಿ ಕಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಕೈ ನಡುಗ್ತಾ ಐತೆ, ನೀವೂ ಕೂತ್ಕಳಿ" ಅಂದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇನ್ನೂರ ಅರವತ್ತೆಂಟು. "ಮುಟ್ಟು ಸರಿಯಾಗಿ ಆಗ್ತೈತಾ?" ಎಂದು ಕೇಳಿದರು. ಹಾಗೆ ಕೇಳಿದ ಮೊದಲ ಮನುಷ್ಯರು ಅವರೇ. ಅಲ್ಲೇ ಅತ್ತುಬಿಟ್ಟೆ.

ತಿಪಟೂರಿನ ಡಾಕ್ಟರು ಬಿಡಿಸಿ ಹೇಳಿದರು: "ಈ ವಯಸ್ಸಲ್ಲಿ ಹಾರ್ಮೋನು ಏರುಪೇರಾಗುತ್ತಮ್ಮ. ಚಿಂತೆ, ನಿದ್ದೆಗೇಡು ಸಕ್ಕರೆ ಏರಿಸುತ್ತೆ. ಸಕ್ಕರೆ ಹೆಚ್ಚುಕಮ್ಮಿಯಾದರೆ ಮನಸ್ಸೂ ಕೆಡುತ್ತೆ. ಒಂದನ್ನೊಂದು ಎಳೀತಾವೆ." ಮಾತ್ರೆ ಬರೆದರು. ಹೊತ್ತಿಗೆ ಸರಿಯಾಗಿ ಊಟ, ಸಂಜೆ ನಡಿಗೆ ಅಂದರು. ಮರುದಿನ ತರಗತಿಯೆದುರು ಸಿಂಧುವಿನ ಕ್ಷಮೆ ಕೇಳಿದೆ. ಕಾಯಿಲೆ ಇತ್ತು ಎಂದು ನನ್ನ ತಪ್ಪು ತಪ್ಪಲ್ಲದೆ ಹೋಗುತ್ತದೆಯೇ?

ಇಷ್ಟಕ್ಕೇ ಮುಗಿಸಬೇಕೆಂದು ಬರೆದುಕೊಂಡು ಬಂದಿದ್ದೆ. ಆದರೆ ಇನ್ನೊಂದಿದೆ.

ನನ್ನ ತಾಯಿ ಚಿಕ್ಕಗೌರಮ್ಮ, ಕಿಬ್ಬನಹಳ್ಳಿಯವರು. ಅವರಿಗೂ ನಲವತ್ತಾರು ನಲವತ್ತೇಳರಲ್ಲಿ ಹೀಗೇ ಆಯಿತು. ಕೂಗಾಡುವುದು, ತೋಟದಲ್ಲಿ ಒಬ್ಬರೇ ಕೂತು ಅಳುವುದು. ಗಾಳಿ ಮೆಟ್ಟಿದೆ ಅಂದರು, ತಲೆ ಕೆಟ್ಟಿದೆ ಅಂದರು. ನಾನೂ ಅಂದೆ. ನನಗಾಗ ಚೊಚ್ಚಲು. ಅಮ್ಮ ಕೊಬ್ಬರಿ, ಬೆಲ್ಲ, ಬಾಣಂತಿ ಖಾರ ಎಲ್ಲ ಸಿದ್ಧಮಾಡಿಟ್ಟು ಬಾಣಂತನಕ್ಕೆ ಕರೆಯಲು ಬಂದರು. "ಈ ಸ್ಥಿತೀಲಿ ನಿನ್ನ ಕೈಗೆ ಮಗು ಕೊಡಕ್ಕಾಗಲ್ಲ" ಎಂದೆ. ಅಮ್ಮ ಒಬ್ಬರೇ ಬಸ್ಸು ಹತ್ತಿದರು. ಇಪ್ಪತ್ತೆರಡು ವರ್ಷ ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಡಾಕ್ಟರು ಹೇಳಿದ್ದನ್ನು ಕೇಳಿದ ಮೇಲೆ ಬಂದ ಭಾನುವಾರ ಊರಿಗೆ ಹೋದೆ. "ಅವತ್ತು ನಿಂಗೂ ಹಿಂಗೇ ಆಗ್ತಿತ್ತೇನಮ್ಮಾ?" ಎಂದೆ.

"ಮೈಯೆಲ್ಲ ಬೆಂಕಿ ಬಿದ್ದಂಗಾಗದು ಕಣವ್ವ. ಯಾರಿಗೆ ಹೇಳ್ಲಿ?"

ತಪ್ಪಾಯಿತು ಎಂದೆ. ನಾನು ಕಾದಿದ್ದ ಮಾತು "ಬುಡು" ಎಂಬುದು. ಅದನ್ನು ಅವರು ಹೇಳಲಿಲ್ಲ. "ನಿನ್ನ ಮಗೀನ ನಾನು ಬೀಳಿಸ್ತಿರ್ಲಿಲ್ಲ ಕಣೇ" ಎಂದರು.

ಸಿದ್ದಗಂಗಮ್ಮನವರೇ, ನಿಮಗೆ ಋಣಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಮಸ್ಕಾರ.