ತೊರಕೆ ಮುಳ್ಳು ಮತ್ತು ಕಮಲಿಯ ನೋವು

ಕುಮಟಾದ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಗಾಯತ್ರಿ ಸರದಿ ಕಾಯುತ್ತಿದ್ದಳು. ಗರ್ಭಕೋಶದೊಳಕ್ಕೆ ಸಣ್ಣ ಕ್ಯಾಮೆರಾ ಹಾಕಿ ಗಂಟು ತೆಗೆಯುತ್ತಾರಂತೆ. ನೋವಿಗೆ ಏನಾದರೂ ಕೊಡಬೇಕೇ ಎಂದು ನರ್ಸ್ ಕೇಳಿದಾಗ, ತಡೆದುಕೊಳ್ಳುತ್ತೇನೆ ಎಂದುಬಿಟ್ಟಿದ್ದಳು. ಪಕ್ಕದಲ್ಲಿ ಕೂತಿದ್ದವರು ತದಡಿಯಲ್ಲಿ ಮೀನು ಮಾರುವ ಕಮಲಿ ಮತ್ತು ಅವಳ ಸೊಸೆ ಅರ್ಚನಾ. ಕಮಲಿಗೂ ಅದೇ ಚಿಕಿತ್ಸೆ; ಅತ್ತೆ ಸೊಸೆಯ ಮಾತೂ ನೋವಿನ ಇಂಜೆಕ್ಷನ್ ಬಗ್ಗೆಯೇ.

“ಪೂರ್ತಿ ನಿದ್ದೆ ಬರ್ಸೂದು ಹೆದ್ರಿಕೆ ಅಂದ್ರೆ ಅಲ್ಲಿಗೆ ಮಾತ್ರ ಇಂಜೆಕ್ಷನ್ ಕೊಡ್ತ್ರಂತೆ, ಅತ್ತೆ. ಎಚ್ಚರ ಇರ್ತದೆ, ನೋವು ಕಮ್ಮಿ.”

“ಎಂತದೂ ಬ್ಯಾಡ. ಹೋದ ಸಲ ಒಳಗಿಂದ ಚೂರು ತೆಗ್ದು ಪರೀಕ್ಷೆಗೆ ಕಳ್ಸಿದ್ರಲ್ಲ, ಆಗ ಎಂತ ಕೊಟ್ಟಿದ್ರು?”

“ಎಂತೂ ಕೊಡ್ಲಿಲ್ಲ. ನೀವು ಕೂಗ್ಲೂ ಇಲ್ಲ.”

“ಹೊರಗೆ ಜನ ಕೂತಿದ್ರು. ಹೆಂಗೆ ಕೂಗೂದು?”

“ಅಂದ್ರೆ ನೋವಾಗಿತ್ತು.”

ಕಮಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

“ಮಾವಂಗೆ ದೋಣಿಲಿ ತೊರಕೆ ಮೀನಿನ ಬಾಲದ ವಿಷಮುಳ್ಳು ಚುಚ್ಚಿದಾಗ ಕೇರಿಗೆಲ್ಲ ಕೇಳೂ ಹಂಗೆ ಕೂಗಿದ್ರು. ಮರಗಟ್ಟೂ ಇಂಜೆಕ್ಷನ್ ಕೊಡಿ ಅಂತ ಡಾಕ್ಟ್ರ ಹಿಂದೆ ಓಡಿದ್ದು ಯಾರು?”

“ನಾನೇ.”

“ಮತ್ತೆ?”

“ಅದು ಅವ್ರಿಗಲ್ವಾ.”

“ನಿಮ್ದು ಮೈ ಅಲ್ವಾ, ಅತ್ತೆ?”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಕಮಲಿಯ ಹೆಸರು ಕರೆದಳು. ಕಮಲಿ ಸೊಸೆಯ ಕೈ ಹಿಡಿದೇ ಎದ್ದಳು. ಒಳಗೆ ಹೋಗುತ್ತ ಅವಳು ಹೇಳಿದ್ದು ಗಾಯತ್ರಿಗೂ ಕೇಳಿಸಿತು.

“ಸಿಸ್ಟರ್, ಹೋದ ಸಲ ನಂಗೆ ಭಾಳ ನೋವಾಗಿತ್ತು. ಯಾರಿಗೂ ಹೇಳ್ಲಿಲ್ಲ, ಅಷ್ಟೇ. ಆ ಇಂಜೆಕ್ಷನ್ ಕೊಡಿ.”

ಬಾಗಿಲು ಮುಚ್ಚಿತು. ಮುಂದಿನ ಸರದಿ ಗಾಯತ್ರಿಯದು.