ಯಾರಿಗೂ ಇಲ್ಲ ಅನ್ನದ ತಲೆ

ಅಧ್ಯಕ್ಷತೆ ವಹಿಸಿರುವ ನಮ್ಮ ಮೇಯರ್ ಪೆಂಚೊ ಅವರೇ, ವಾಚನಾಲಯದ ಕಾರ್ಯದರ್ಶಿ ರಾದೊಸ್ವೆತಾ ಅವರೇ, ಆಸ್ಟ್ರಿಯಾದಿಂದ ಬಂದು ನಮ್ಮ ಆತಿಥ್ಯದ ಭಾರಕ್ಕೆ ಬಳಲಿರುವ ಮುಖ್ಯ ಅತಿಥಿ ಲೈಟ್ನರ್ ಅವರೇ, ಮೊದಲ ಸಾಲಿನಲ್ಲಿ ಕೂತು ಈಗಲೇ ಆಕಳಿಸುತ್ತಿರುವ ನನ್ನ ಯಜಮಾನರಾದ ಇಲಿಯಾ ಅವರೇ, ದೊಲ್ನಾ ಸ್ಲಿವಾ ಊರಿನ ಸಮಸ್ತ ಸಭಿಕರೇ,

ಈ ಫಲಕದ ಮೇಲೆ ಏನೆಂದು ಕೆತ್ತಿಸಿದ್ದೀರಿ? “ಯಾರಿಗೂ ಇಲ್ಲ ಎನ್ನದ ವೆಲಿಚ್ಕಾ ಅವರಿಗೆ, ಕೃತಜ್ಞ ಊರಿನಿಂದ.” ಎಷ್ಟು ಚೆಂದದ ಮಾತು! ಪೆಂಚೊ ಅವರು ನನ್ನ ಗುಣಗಾನ ಮಾಡಿದರು. ವೆಲಿಚ್ಕಾ ಹತ್ತೊಂಬತ್ತು ಮಕ್ಕಳಿಗೆ ಧರ್ಮತಾಯಿ ಎಂದರು. ವೆಲಿಚ್ಕಾ ಹನ್ನೊಂದು ವರ್ಷ ಗಾಯನ ತಂಡದಲ್ಲಿ ಹಾಡಿದವರು, ಯಾರೂ ನಿಲ್ಲದ ಚುನಾವಣೆಗೆ ನಿಂತವರು, ದಿಕ್ಕಿಲ್ಲದ ಕತ್ತೆಗೆ ಆಶ್ರಯ ಕೊಟ್ಟವರು ಎಂದರು. ಎಲ್ಲವೂ ನಿಜ, ಒಂದಕ್ಷರ ಸುಳ್ಳಿಲ್ಲ. ಆದರೂ ಈ ಫಲಕ ನನಗೆ ಸಲ್ಲತಕ್ಕದ್ದಲ್ಲ. ಯಾಕೆಂದು ಹೇಳಲೇ?

ನನಗೆ ಕಿವಿ ಕೇಳಿಸುವುದಿಲ್ಲ.

ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆದರೆ ನಾನು ತಮಾಷೆ ಮಾಡುತ್ತಿಲ್ಲ. ಮೂವತ್ತು ವರ್ಷದಿಂದ ನಾನು ಕಿವುಡಿ. ನೀವು ಕೇಳಿದ್ದಕ್ಕೆಲ್ಲ ನಾನು ಒಪ್ಪಿದ್ದು ಒಳ್ಳೆಯತನದಿಂದಲ್ಲ ಸ್ವಾಮಿ, ನೀವು ಏನು ಕೇಳಿದಿರೆಂಬುದೇ ನನಗೆ ಗೊತ್ತಾಗಲಿಲ್ಲ! ಇನ್ನೊಮ್ಮೆ ಹೇಳಿ ಎನ್ನಲು ನಾಚಿಕೆ. ಅದಕ್ಕೆ ಕೋಲೆಬಸವನ ಹಾಗೆ ತಲೆ ಆಡಿಸಿಬಿಟ್ಟೆ. ಅಡ್ಡಕ್ಕೆ, ಹೀಗೆ, ನಗುನಗುತ್ತಾ.

ಲೈಟ್ನರ್ ಅವರೇ, ನೀವು ಗಾಬರಿಯಾಗಿದ್ದೀರಿ. ನಿಮ್ಮ ಕಡೆ ತಲೆ ಅಡ್ಡಕ್ಕೆ ಆಡಿದರೆ ಬೇಡ ಎಂದಂತೆ. ಇವತ್ತು ಬೆಳಗ್ಗೆ ರಾದೊಸ್ವೆತಾ ಬಿಸಿ ಬಿಸಿ ಚೀಸಿನ ಕಡುಬು, ನಮ್ಮ ಬಾನಿತ್ಸ, ತಂದು ನಿಮ್ಮ ತಟ್ಟೆಗೆ ಹಾಕಿದಾಗ ನೀವು ಸಾಕು ಸಾಕು ಎಂದು ತಲೆ ಆಡಿಸಿದಿರಿ, ಅವಳು ಇನ್ನೊಂದು ತುಂಡು ಹಾಕಿದಳು. ನೀವು ಇನ್ನೂ ಜೋರಾಗಿ ಆಡಿಸಿದಿರಿ. ಪಾಪ, ಐದು ತುಂಡು ತಿಂದಿರಿ. ನಮ್ಮಲ್ಲಿ ಅದು ಹೂಂ. ಬೇಡವಾದರೆ ತಲೆಯನ್ನು ಮೇಲಕ್ಕೆತ್ತಿ ‘ಚ್’ ಎನ್ನಬೇಕು. ರಾತ್ರಿ ಊಟಕ್ಕೆ ಮುಂಚೆ ಅಭ್ಯಾಸ ಮಾಡಿಕೊಳ್ಳಿ.

ನನ್ನ ಕಿವಿ ಎಲ್ಲಿ ಹೋಯಿತು? ನಮ್ಮ ನೇಯ್ಗೆ ಗಿರಣಿಯಲ್ಲಿ ಹೋಯಿತು. ಒಂದೇ ಛಾವಣಿಯ ಕೆಳಗೆ ನೂರಿಪ್ಪತ್ತು ಮಗ್ಗ, ಒಬ್ಬೊಬ್ಬಳಿಗೆ ನಾಲ್ಕು. ಆ ಸದ್ದಿನಲ್ಲಿ ದೇವರೇ ಇಳಿದು ಬಂದು ಕೂಗಿದರೂ ಕೇಳಿಸುತ್ತಿರಲಿಲ್ಲ. ಹಾಗೆಂದು ನಾವು ಸುಮ್ಮನಿದ್ದೆವೇ? ಮೂವತ್ತು ಹೆಂಗಸರು ಎಂಟು ಗಂಟೆ ಸುಮ್ಮನಿರುತ್ತಾರೆಯೇ? ತುಟಿಯಲ್ಲೇ ಮಾತಾಡುತ್ತಿದ್ದೆವು. ನಾನು ಕಿಟಕಿಯ ಹತ್ತಿರ, ರುಸಾನಾ ಆ ತುದಿಯ ಬಾಗಿಲ ಹತ್ತಿರ, ನಡುವೆ ಅರವತ್ತು ಮಗ್ಗ. ಅಲ್ಲಿಂದಲೇ ಅವಳು ತುಟಿ ಆಡಿಸಿ ಹೇಳುತ್ತಿದ್ದಳು: “ಏ ವೆಲಿಚ್ಕಾ, ಮೇಸ್ತ್ರಿ ಪ್ಯಾಂಟು ಹಿಂದ್ಗಡೆ ಹರ್ದೋಗಿದೆ ಕಣೇ, ನೋಡೇ, ನೋಡೇ!” ನಾವು ನಕ್ಕು ನಕ್ಕು ನೂಲು ಕಡಿಯುತ್ತಿದ್ದೆವು, ಮೇಸ್ತ್ರಿಗೆ ಕೊನೆಗೂ ಗೊತ್ತಾಗುತ್ತಿರಲಿಲ್ಲ.

ಇಡೀ ಗಿರಣಿಯಲ್ಲಿ ನನ್ನಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವಳು ಇನ್ನೊಬ್ಬಳಿರಲಿಲ್ಲ ಸಭಿಕರೇ! ಆಮೇಲೆ ಗಿರಣಿ ಮುಚ್ಚಿತು. ಮಗ್ಗಗಳನ್ನು ಗುಜರಿಗೆ ಹಾಕಿದರು. ಊರೆಲ್ಲ ನಿಶ್ಶಬ್ದವಾಯಿತು, ಆ ನಿಶ್ಶಬ್ದದಲ್ಲಿ ನಾನೊಬ್ಬಳು ಕಿವುಡಿಯಾದೆ. ಯಾಕೆಂದರೆ ಸದ್ದಿಲ್ಲದ ಕಡೆ ಜನ ತುಟಿಯ ಮೇಲೆ ಗಮನ ಇಡುವುದಿಲ್ಲ. ಅಡ್ಡ ತಿರುಗಿ ಮಾತಾಡುತ್ತಾರೆ, ಬಾಯಿಗೆ ಕೈ ಅಡ್ಡ ಇಡುತ್ತಾರೆ, ಬ್ರೆಡ್ಡು ಅಗಿಯುತ್ತಾ ಮಾತಾಡುತ್ತಾರೆ. ಮೀಸೆ ಬಿಡುತ್ತಾರೆ! ಮೀಸೆಯವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಉಪಾಯಗಳನ್ನು ಕಲಿತೆ. ಎಲ್ಲಿಗೆ ಹೋದರೂ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ನಾನೇ ಮೊದಲು ಮಾತು ಶುರುಮಾಡಿ, ನಾನೇ ಮುಗಿಸಿ, “ಒಲೆ ಮೇಲೆ ಹಾಲಿಟ್ಟಿದೀನಿ” ಎಂದು ಓಡುತ್ತಿದ್ದೆ. ಇವಳ ಮನೆಯಲ್ಲಿ ಎಷ್ಟು ಹಾಲಪ್ಪಾ ಎಂದು ನೀವು ಯಾರೂ ಕೇಳಲಿಲ್ಲ. ಕೇಳಿದ್ದರೂ ನನಗೆ ಕೇಳಿಸುತ್ತಿರಲಿಲ್ಲ ಬಿಡಿ. ಉಳಿದದ್ದಕ್ಕೆಲ್ಲ ತಲೆ ಆಡಿಸುವುದು.

ಫಲ ಏನಾಯಿತು? ಒಂದು ಬೆಳಗ್ಗೆ ಅಂಗಳದಲ್ಲಿ ಕತ್ತೆ ನಿಂತಿತ್ತು. ಒಂದು ಭಾನುವಾರ ಯಾರೋ ನನ್ನ ಕೈಗೆ ಎಣ್ಣೆ ಹಚ್ಚಿದ ಬೆತ್ತಲೆ ಕೂಸನ್ನು ಕೊಟ್ಟರು, ಪಾದ್ರಿಗಳು ಕೂಸಿನ ಹೆಸರು ಕೇಳಿದರು, ನಾನು ತಲೆ ಆಡಿಸಿದೆ. ಗಾಯನ ತಂಡಕ್ಕೆ ಬಾ ಎಂದು ಕರೆದರಂತೆ, ಹೋದೆ. ಹನ್ನೊಂದು ವರ್ಷ ಬಾಯಿ ತೆರೆದೆ, ಮುಚ್ಚಿದೆ, ಒಂದು ಸ್ವರವೂ ಹೊರಡಿಸಲಿಲ್ಲ. ಮೂರನೆಯ ವರ್ಷ ನಮ್ಮ ಗುರುಗಳು ಎಲ್ಲರ ಮುಂದೆ ನಿಲ್ಲಿಸಿ ಏನೆಂದರು ಗೊತ್ತೇ? “ಕಲಿತ್ಕೊಳ್ರಮ್ಮಾ, ಇವ್ರನ್ನ ನೋಡಿ ಕಲಿತ್ಕೊಳ್ಳಿ! ಒಂದು ದಿನ ಅಪಶ್ರುತಿ ಹಾಡಿದ್ದುಂಟಾ?” ಅವರು ಕನ್ನಡಕ ಸರಿಪಡಿಸಿಕೊಂಡು ನೇರ ನನ್ನ ಮುಖ ನೋಡಿ ಹೇಳಿದ್ದರಿಂದ ಅದೊಂದು ಹೊಗಳಿಕೆ ನನಗೆ ಪೂರ್ತಿ ದಕ್ಕಿತು.

ಈಗ ಮೀಸೆಯ ವಿಷಯ. ಇಲಿಯಾ, ಆಕಳಿಸೋದು ನಿಲ್ಲಿಸು, ಇದು ನಿನ್ನ ಭಾಗ. ನನ್ನ ಮೊದಲ ಗಂಡ ತೀರಿಕೊಂಡ ಮೇಲೆ, ಹದಿನಾಲ್ಕು ವರ್ಷದ ಹಿಂದೆ, ಬಸ್ಸಿನಲ್ಲಿ ಜೇನು ಸಾಕುವ ಒಬ್ಬರು ನನ್ನ ಪಕ್ಕ ಕೂತರು. ಪೊದೆಯಂಥ ಮೀಸೆ, ಅದರ ಹಿಂದೆ ತುಟಿ ಇದೆಯೋ ಇಲ್ಲವೋ ಎಂಬುದೇ ಅನುಮಾನ. ಮೂರು ನಿಲ್ದಾಣದವರೆಗೆ ಏನೋ ಹೇಳಿದರು. ಜೇನಿನ ಬೆಲೆ ಇರಬೇಕು ಎಂದುಕೊಂಡೆ. ಕಡೆಗೆ ಏನೋ ಕೇಳಿ ನನ್ನ ಮುಖವನ್ನೇ ನೋಡಿದರು, ನಾನು ಧಾರಾಳವಾಗಿ ತಲೆ ಆಡಿಸಿದೆ. ಮುಂದಿನ ಭಾನುವಾರ ಹುಂಜ, ವೈನು ಮತ್ತು ಹದಿನೇಳು ಜನ ನೆಂಟರು ಬಾಗಿಲಿಗೆ ಬಂದರು. ಎದ್ದು ನಿಲ್ಲಬೇಡ ಇಲಿಯಾ, ಕೂತ್ಕೊ. ಹೌದು, ಅವತ್ತು ನನಗೆ ಕೇಳಿಸಿರಲಿಲ್ಲ. ಇವತ್ತು ಕೇಳಿದರೂ ಅದೇ ಉತ್ತರ. ಆದರೆ ಮೀಸೆ ಕತ್ತರಿಸು.

ಮೂರು ತಿಂಗಳ ಹಿಂದೆ ಹಲ್ಲು ತೋರಿಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ಪಟ್ಟಣಕ್ಕೆ ಹೋಗಿ ಒಂದು ಕಿವಿಯಂತ್ರ ಹಾಕಿಸಿಕೊಂಡೆ. ಪಾಪ, ಅವತ್ತಿನಿಂದ ಈ ಮನುಷ್ಯ ನನಗೆ ಗಂಜಿ ಮಾಡಿ ಕೊಡುತ್ತಿದ್ದಾರೆ. ಯಂತ್ರವನ್ನು ತಲೆವಸ್ತ್ರದ ಒಳಗೆ ಮುಚ್ಚಿಟ್ಟುಕೊಂಡೆ. ಅಬ್ಬಾ, ಏನೇನು ಸದ್ದು! ನಮ್ಮ ಕತ್ತೆ ಇಷ್ಟು ಜೋರಾಗಿ ಅರಚುತ್ತದೆಂದು ನನಗೆ ಗೊತ್ತೇ ಇರಲಿಲ್ಲ, ಅಕ್ಕಪಕ್ಕದವರಲ್ಲಿ ಇಲ್ಲಿ ಕ್ಷಮೆ ಕೇಳುತ್ತೇನೆ. ಈಗಲೂ ಯಾರೋ ಹಿಂದೆ ಕೂತು ಸೂರ್ಯಕಾಂತಿ ಬೀಜ ಕಟಕಟ ಒಡೆಯುತ್ತಿದ್ದೀರಿ. ಎಲ್ಲ ಕೇಳಿಸುತ್ತಿದೆ!

ಹೋದ ವಾರ ಆ ಯಂತ್ರದ ಜೊತೆ ಕೊಟ್ಟಿದ್ದ ಬ್ಯಾಟರಿಗಳೆಲ್ಲ ಮುಗಿದವು. ನೆವೆನಾಳ ಔಷಧ ಅಂಗಡಿಗೆ ಹೋಗಿ ಗುಂಡಿಯಷ್ಟಗಲದ ಬ್ಯಾಟರಿ ಕೇಳಿದೆ.

“ಯಾರಿಗೆ ದೊಡ್ಡಮ್ಮಾ?” ಎಂದು ನೇರ ನನ್ನ ಮುಖ ನೋಡಿ ಕೇಳಿದಳು, ತುಟಿ ಓದಿಕೊಂಡೆ.

“ಗಡಿಯಾರಕ್ಕೆ.”

“ಇದನ್ನ ಹಾಕೋ ಗಡಿಯಾರ ಇಲ್ಲ ದೊಡ್ಡಮ್ಮಾ. ಇದು ಕಿವೀದು.” ಬಗ್ಗಿ ನನ್ನ ತಲೆವಸ್ತ್ರದ ಅಂಚಿನೊಳಗೆ ಇಣುಕಿದಳು. “ಎಷ್ಟು ದಿನದಿಂದ ನಿಮ್ಗೆ ಕೇಳಿಸ್ತಿಲ್ಲ?”

“ಮೂವತ್ತು ವರ್ಷ ಆಯ್ತು ಕಣೇ. ಯಾರಿಗೂ ಹೇಳ್ಬೇಡ.”

ನೆವೆನಾ ಗಲ್ಲಾದ ಹಿಂದಿನಿಂದ ಎದ್ದು ಹೊರಗೆ ಬಂದಳು. “ಹಾಗಾದ್ರೆ ಅವತ್ತು ರುಸಾನಾ ಚಿಕ್ಕಮ್ಮ ಕೇಳಿದ್ದು ನಿಮ್ಗೆ ಕೇಳ್ಸೇ ಇರ್ಲಿಲ್ವಾ? ಅಯ್ಯೋ ದೊಡ್ಡಮ್ಮಾ! ಆರು ವರ್ಷದಿಂದ ಅವ್ರು ನನ್ಹತ್ರ ಅದನ್ನೇ ಹೇಳ್ಕೊಂಡು ಅಳ್ತಿದಾರೆ.”

ಸಭಿಕರೇ, ನಾನೂ ರುಸಾನಾಳೂ ಆರು ವರ್ಷದಿಂದ ಮಾತಾಡುತ್ತಿಲ್ಲವೆಂಬುದು ಊರಿಗೆಲ್ಲ ಗೊತ್ತು. ಅವಳ ಮೆಣಸಿನಕಾಯಿ ಸುಡುವ ಒಲೆಯನ್ನು ನಾನು ಹಿಂದಿರುಗಿಸದ್ದೇ ಕಾರಣವೆಂದು ಊರು ತೀರ್ಮಾನ ಮಾಡಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಒಲೆಗೋಸ್ಕರ ಇಷ್ಟು ಸಿಟ್ಟೇ ಎಂದು ನನಗೂ ಹಟ ಬಂದು ಒಲೆಯನ್ನು ಇಟ್ಟುಕೊಂಡೆ.

ರುಸಾನಾ, ನೀನು ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರವೇ ಕೂತಿದ್ದೀ, ನೋಡಿದೆ. ಎದ್ದು ಹೋಗಬೇಡ. ಈ ವಾರದಲ್ಲಿ ಮೂರು ಸಲ ನಿನ್ನ ಬಾಗಿಲು ತಟ್ಟಿದೆ, ನೀನು ಪರದೆ ಸರಿಸಿ ನೋಡಿದೆ, ಬಾಗಿಲು ತೆಗೆಯಲಿಲ್ಲ. ಬರೆದ ಕಾಗದ ಒಡೆಯದೆ ವಾಪಸು ಬಂತು. ಇಲ್ಲಿಂದ ಮಾತ್ರ ನೀನು ಹೋಗಲಾರೆ, ಯಾಕೆಂದರೆ ನಿನ್ನ ಮೊಮ್ಮಗಳ ಕುಣಿತ ನನ್ನ ಭಾಷಣದ ನಂತರ ಇದೆ. ಕಾರ್ಯಕ್ರಮದ ಪಟ್ಟಿಯನ್ನು ಹಾಗೆ ಜೋಡಿಸಿದ್ದು ನಾನೇ. ನಿನ್ನ ಮನಸ್ಸಿನ ಮಾತನ್ನು ನಾಲ್ಕು ಜನರ ಮುಂದೆ ಆಡುತ್ತಿದ್ದೇನೆ, ತಪ್ಪು. ಅದಕ್ಕೇ ಮೊದಲು ನನ್ನ ಗುಟ್ಟನ್ನೆಲ್ಲ ಬಿಚ್ಚಿಟ್ಟೆ.

ರುಸಾನಾಳ ಗಂಡ ದೋಬ್ರಿ ಆರು ವರ್ಷದ ಹಿಂದೆ ಚೆರ್ರಿ ಮರದಿಂದ ಬಿದ್ದು ತೀರಿಕೊಂಡ, ನಿಮಗೆಲ್ಲ ಗೊತ್ತು. ನಲವತ್ತನೆಯ ದಿನದ ಕಾರ್ಯಕ್ಕೆ ಗೋರಿಯ ಬಳಿ ರುಸಾನಾ ಬೇಯಿಸಿದ ಗೋಧಿ ಹಂಚುತ್ತಿದ್ದಳು. ನನ್ನ ಹತ್ತಿರ ಬಂದು, ಕರಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಏನೋ ಕೇಳಿದಳು. ತುಟಿ ಕಾಣಲಿಲ್ಲ. ಕೈಯಲ್ಲಿ ಗೋಧಿಯ ಪಾತ್ರೆ ಇತ್ತು. ಇನ್ನೊಂದು ಚಮಚ ಹಾಕಲಾ ಎನ್ನುತ್ತಿದ್ದಾಳೆ, ಬೇಡವೆಂದರೆ ನೊಂದುಕೊಳ್ಳುತ್ತಾಳೆ ಎಂದುಕೊಂಡು ನಗುನಗುತ್ತಾ ತಲೆ ಆಡಿಸಿದೆ. ಜೊತೆಗೆ ತಟ್ಟೆಯನ್ನೂ ಮುಂದೆ ಚಾಚಿದೆ.

ಅವಳು ಕೇಳಿದ್ದು ಗೋಧಿಯನ್ನಲ್ಲ. “ನಾನು ಮರ ಹತ್ತು ಅಂತ ಕಾಟ ಕೊಟ್ಟಿದ್ದಕ್ಕೇ ಅಲ್ವೇನೇ ಅವನು ಸತ್ತಿದ್ದು? ನಂದೇ ತಪ್ಪಲ್ವಾ?” ಎಂದು ಕೇಳಿದ್ದಳಂತೆ.

ಲೈಟ್ನರ್ ಅವರೇ, ನಿಮ್ಮ ಊರಿನಲ್ಲಾಗಿದ್ದರೆ ಅದೇ ತಲೆ ಅವಳಿಗೆ ಸಮಾಧಾನ ಹೇಳಿರುತ್ತಿತ್ತು. ಇಲ್ಲಿ ಅದು ಹೌದು ಎಂದಿತು. ಅದೂ ನಗುತ್ತಾ! ಬೇರೆಯವರಿಗೆ ಹೇಳಿದ ಹೂಂಗಳಿಂದ ನನಗೆ ಕತ್ತೆ ಬಂತು, ಮಕ್ಕಳು ಬಂದವು, ಗಂಡ ಬಂದ. ಈ ಒಂದು ಹೂಂನಿಂದ ನನ್ನ ರುಸಾನಾ ಆರು ವರ್ಷ ನಿದ್ದೆಗೆಟ್ಟಳು. ನನಗೆ ತುಂಬಾ ನಾಚಿಕೆಯಾಗಿದೆ. ಕಿವುಡಿ ಎಂದು ಹೇಳಿಕೊಳ್ಳಲು ನಾಚಿದೆನಲ್ಲ, ಅದಕ್ಕೆ.

ಈಗ ಒಂದು ಕೆಲಸ ಮಾಡುತ್ತೇನೆ. ತಲೆವಸ್ತ್ರ ತೆಗೆದೆ. ಯಂತ್ರವನ್ನೂ ಕಿವಿಯಿಂದ ತೆಗೆದು ಈ ಹೂದಾನಿಯ ಪಕ್ಕ ಇಟ್ಟೆ. ಇನ್ನು ನೀವು ಚಪ್ಪಾಳೆ ತಟ್ಟಿದರೂ ಒಂದೇ, ಕಲ್ಲು ಹೊಡೆದರೂ ಒಂದೇ. ಆ ಬಾಗಿಲಿಗೂ ಈ ವೇದಿಕೆಗೂ ಅರವತ್ತು ಮಗ್ಗದಷ್ಟು ದೂರ ಇಲ್ಲ. ರುಸಾನಾ, ಕರವಸ್ತ್ರ ಕೆಳಗಿಡು. ಗಿರಣಿಯಲ್ಲಿ ಕೇಳುತ್ತಿದ್ದ ಹಾಗೆ, ತುಟಿಯಲ್ಲೇ, ಇನ್ನೊಂದು ಸಲ ಕೇಳು.

ನಾನು ಕಾಯುತ್ತೇನೆ. ನನಗೇನೂ ಅವಸರವಿಲ್ಲ, ಒಲೆಯ ಮೇಲೆ ಹಾಲಿಟ್ಟಿಲ್ಲ.

ಕೇಳಿದಳು! ನಿಮಗೆ ಯಾರಿಗೂ ಕೇಳಿಸಲಿಲ್ಲ, ಅಲ್ಲವೇ? ಮುನ್ನೂರು ಜನರ ಸಭೆಯಲ್ಲಿ ಕೇಳಿಸಿದ್ದು ನನಗೊಬ್ಬಳಿಗೇ!

ಪೂರ್ತಿ ಊರು ನೋಡಲಿ. ತಲೆ ಮೇಲಕ್ಕೆ. ಚ್. ಇನ್ನೊಮ್ಮೆ, ಚ್. ಇಲ್ಲ ರುಸಾನಾ. ನಿಂದಲ್ಲ ಕಣೇ ತಪ್ಪು. ಐವತ್ತು ವರ್ಷದಿಂದ ಆ ಮರ ಹತ್ತುತ್ತಿದ್ದವನು ದೋಬ್ರಿ. ನೀನು ಬೇಡ ಅಂದಿದ್ದರೆ ಹಟಕ್ಕೆ ಇನ್ನೂ ಮೇಲಿನ ಕೊಂಬೆಗೆ ಹೋಗುತ್ತಿದ್ದ. ಇಲ್ಲ, ಇಲ್ಲ, ಇಲ್ಲ.

ಪೆಂಚೊ ಅವರೇ, ಫಲಕ ಹಿಂದಕ್ಕೆ ತೆಗೆದುಕೊಳ್ಳಿ. ಅದರ ಮೇಲಿನ ಬರಹ ಈಗಷ್ಟೇ ಸುಳ್ಳಾಯಿತು. ನನ್ನನ್ನು ಸಹಿಸಿಕೊಂಡ ವಾಚನಾಲಯಕ್ಕೆ, ಗಂಜಿ ಬೇಯಿಸಿದ ಇಲಿಯಾನಿಗೆ, ಬ್ಯಾಟರಿ ಕೊಟ್ಟ ನೆವೆನಾಳಿಗೆ, ಎಲ್ಲರಿಗೂ ನನ್ನ ವಂದನೆಗಳು. ತಡೆಯಿರಿ, ಅಲ್ಲಿ ರುಸಾನಾ ಎದ್ದು ನಿಂತಿದ್ದಾಳೆ. ಅಳುತ್ತಿದ್ದಾಳೆ, ನಗುತ್ತಲೂ ಇದ್ದಾಳೆ. ಮತ್ತೆ ತುಟಿ ಆಡಿಸುತ್ತಿದ್ದಾಳೆ: “ಹಾಗಾದ್ರೆ ನನ್ನ ಮೆಣಸಿನಕಾಯಿ ಒಲೆ ಯಾವಾಗ ಕೊಡ್ತೀಯೇ?”

ಕ್ಷಮಿಸು ರುಸಾನಾ, ನನಗೆ ಕಿವಿ ಕೇಳಿಸುವುದಿಲ್ಲ. ಎಲ್ಲರಿಗೂ ನಮಸ್ಕಾರ.