ಕೊಟ್ರೇಶನ ಗಾಡಿ

ಹೋಗವಾ ಅಮೃತವ್ವ, ಒಳಗ ಹೋಗು... ಚಾ ಕಾಸ್ಕೊಂಡು ಬಾ ಅಂತ ಹೇಳಿ ಎಷ್ಟೊತ್ತಾತು! ಈ ದನದ ಕೊಟ್ಟಿಗ್ಯಾಗ ನಿಂತೀಯಲ್ಲ ಗ್ವಾಡಿಗೆ ಆತು. ಗಾಡಿ ಬಿಚ್ಚೂದು ನೋಡಾಕ ಏನೈತಿ? ಎಣ್ಣಿ, ಜಿಡ್ಡು, ಧೂಳ... ಹೆಣ್ಮಕ್ಕಳು ನಿಂದರೂ ಜಾಗಾ ಅಲ್ಲಿದು.

ಏನು? ಏನೂ ಇಲ್ಲಾ? ಇವತ್ತ ಎಮ್ಮಿ ಕೂಡನೂ ಮಾತು ಬಿಟ್ಟಿಯೇನು! ಹಹ್ಹ... ನೀ ನಮ್ಮ ತಮ್ಮನ ಹೆಂಡ್ತಿಯಾಗಿ ಈ ಮನಿಗೆ ಬಂದಾಗಿಂದ ಭಾವನ ಕೂಡ ಒಂದು ಮಾತು ನೇರ ಆಡಿಲ್ಲ ನೋಡು. ಸೆರಗು ಹಣಿ ಮ್ಯಾಲಿಂದ ಸರದಿಲ್ಲ. ಏನಿದ್ರೂ ಎಮ್ಮಿಗೆ ಹೇಳಿದಂಗ ನನಗ ಹೇಳಾಕಿ. 'ಏ ಎಮ್ಮಿ, ದೊಡ್ಡವರಿಗೆ ಉಣ್ಣಾಕ ಬರ್ರಿ ಅಂತ ಹೇಳ!' 'ಏ ಎಮ್ಮಿ, ಹಿಂಡಿ ತೀರೇತಿ ಅಂತ ದೊಡ್ಡವರಿಗೆ ಹೇಳ!' ಪಾಪ, ಅದೂ ಕಿವಿ ಅಲ್ಲಾಡಿಸಿಕೊಂತ ನಿಂತು ಕೇಳ್ತಿತ್ತು. ಓಣಿಯವರೆಲ್ಲ ನಗತಿದ್ರು, ಆದ್ರ ನನಗ ಭಾಳ ಹೆಮ್ಮಿ ಇತ್ತವಾ. ಈ ಕಾಲದಾಗ ಇಂಥ ಮರ್ಯಾದಿ ಎಲ್ಲೈತಿ?

ಸರಿ ಸರಿ, ನಿಲ್ಲು. ನಿಂತ್ರ ನಿಲ್ಲು. ಅಕಾ ಆ ನಟ್ಟು ಬಿಚ್ಚೂ ಪಾನಾ ಕೊಡಿಲ್ಲಿ... ಬ್ಯಾಡ, ನಾನೇ ತಗೋತೀನಿ.

ನಿಮ್ಮಣ್ಣ ಯಂಕೇಶ ಮಧ್ಯಾಹ್ನದ ಬಸ್ಸಿಗೆ ಬರ್ತಾನ ಹೌದಿಲ್ಲೋ? ಬರಲಿ. ಹನುಮಸಾಗರದಾಗ ದೊಡ್ಡ ಫಿಟ್ಟರು, ಖರೆ. ಹಂಗಂತ ನಮ್ಮ ಮನಿ ಗಾಡಿ ಅವನೇ ಬಂದು ಬಿಚ್ಚಬೇಕಾ? ಬ್ಯಾಡ ಅಂದೆ. ಕೇಳಿದೇನು ನೀ? ನನ್ನ ಕೇಳದೇ ಫೋನ್ ಹಚ್ಚಿ ಕರಿಸಿಬಿಟ್ಟಿ. ಅವ ಬರೂದ್ರಾಗ ನಾನೇ ಚಾಲೂ ಮಾಡಿ ಇಡ್ತೀನಿ. ಚಾಲೂ ಇದ್ದ ಗಾಡಿ ಯಾರೂ ಬಿಚ್ಚಂಗಿಲ್ಲ. ಹತ್ತತಾರ, ಒಂದು ಸುತ್ತು ಹೊಡೀತಾರ, 'ಛಲೋ ಐತಿ' ಅಂತಾರ, ಮುಗೀತು.

ತಪ್ಪು ನಂದೇ. ನಾನೇ ಅಂದೆ, ತಮ್ಮ ಕೊಟ್ರೇಶ ಗೋವಾದಿಂದ ಸಂಕ್ರಾಂತಿಗೆ ಬರ್ತಾನಂತ ಅಂತ. ಅಷ್ಟಕ್ಕ ನೀ ಮನಿ ಸುಣ್ಣಾ ಹಚ್ಚಿದಿ, ಹೊಸಾ ಚಾದರ ಹಾಸಿದಿ, ಈಗ ಗಾಡಿ! 'ಅವರು ಬಂದಾಗ ಗಾಡಿ ತಯಾರಿರಬೇಕು' ಅಂತ ನಿನ್ನೆ ಎಮ್ಮಿಗೆ ಹೇಳಾಕತ್ತಿದ್ದಿಯಲ್ಲ, ಕೇಳಿಸ್ಕೊಂಡೆ. ಎಷ್ಟು ಆಸೆಲೇ ಹೇಳಿದಿ... ನನಗ ರಾತ್ರಿ ತುತ್ತು ಇಳೀಲಿಲ್ಲವಾ, ಖರೇನ.

ಹ್ಞಾಂ! ಕಿಕ್ ಹೊಡೀತೀನಿ, ಸರಿ ಅತ್ಲಾಗ. ಹ್ಞು... ಹ್ಞು... ಇಲ್ಲ. ಚೋಕ್ ಎಳದೀನಿ, ಆದ್ರೂ ಕಮಕ್ ಕಿಮಕ್ ಅನ್ನವಲ್ದು. ಹ್ಞು!... ಉಶ್. ನಮ್ಮಪ್ಪನ ಕಾಲದ್ದವಾ ಇದು. ಸುಮ್ಮನ ನಿಂತ ಗಾಡಿ ಅಂದ್ರ ಹಿಂಗ. ದಿನಾ ಹೊಡೀತಿದ್ರ ಅರ್ಧ ಕಿಕ್ಕಿಗೆ ಏಳ್ತಿತ್ತು. ಕೊಟ್ರೇಶ ಕೈ ಮುಟ್ಟಿದ್ರ ಸಾಕು, ಡಬ್ ಡಬ್ ಅಂತ ಸಪ್ಪಳ... ಆ ಸಪ್ಪಳ ಕೇಳಿ ನೀ ಒಲಿ ಮ್ಯಾಲೆ ರೊಟ್ಟಿ ಹಂಚು ಇಡತಿದ್ದಿ. ಏ, ಅಳಾಕ ಏನಾತೀಗ? ಆರಾಮ ಅದಾನ ಅಂತ ಹೇಳೀನಲ್ಲ. ಮೊನ್ನೆ ಫೋನ್ ಮಾಡಿದ್ದ. ನನಗೇ ಮಾಡ್ತಾನ, ಹೌದು. ನಿನಗ ಮಾಡಾಕ ಅವಗ ನಾಚಿಕಿ. ಹೇಳದ ಕೇಳದ ಹೋಗ್ಯಾನಲ್ಲ, ಅದಕ್ಕ.

ನಂಬರಾ? ನಂಬರ್ ಬದಲಾಗ್ತಾವವಾ, ಗೋವಾದಾಗ ಇವತ್ತೊಂದು ನಾಳೆ ಒಂದು.

ಪ್ಲಗ್ ನೋಡೋಣು. ಅಕಾ... ಜಂಗು ಹಿಡದೈತಿ. ಹಿಡೀಲಾರದ ಏನು ಮಾಡೀತು? ಮುನಿರಾಬಾದಿನ್ಯಾಗ ನಮ್ಮ ದೋಸ್ತ ಮರಿಸ್ವಾಮಿ ಹಿತ್ತಲದಾಗ ನಿಂತದ್ದು ಇದು. ಕೊಟ್ರೇಶ ಅವತ್ತ ನನ್ನ ಕಾಲುವಿ ತೂಬಿನ ಹತ್ರ ಇಳಿಸಿ, ಸೀದಾ ಮುನಿರಾಬಾದಿಗೆ ಹೋಗಿ, ಗಾಡಿ ಅಲ್ಲೇ ಬಿಟ್ಟು ರೈಲು ಹತ್ಯಾನ. ಬ್ಯಾಸಗ್ಯಾಗ ಕಾಲುವಿ ಬಂದ್ ಆತಲ್ಲ, ನಾಟಿ ಇಲ್ಲ, ನೀರಿನ ಪಾಳಿ ಇಲ್ಲ, ಪುರುಸೊತ್ತು ಸಿಕ್ತು, ಹೋಗಿ ಟಂಟಂ ಆಟೋದಾಗ ಹೇರ್ಕೊಂಡು ಬಂದೆ. ನೆಪ್ಪೈತೇನು? ಎಷ್ಟು ಲಕಲಕ ಅಂತಿತ್ತು! ನೀ ಆರತಿ ಬೆಳಗಿದಿ. ದಸರಾದ ಖಂಡೇಪೂಜಿಗೆ ಲಿಂಬಿಹಣ್ಣು ಕಟ್ಟಿದಿ. ಇಲ್ಲೇ ಐತಿ ನೋಡು, ಒಣಗಿ ಗೋಲಿ ಆಗೇತಿ.

ಯಾಕ ಹಂಗ ನೋಡಾಕತ್ತಿ?

ಆ ಆಡು ಕಾಯೂ ದಾವಲಬೀ ಮತ್ತ ಏನರ ಅಂದ್ಲೇನು? ಅಂದಿರ್ತಾಳ ಬಿಡು. 'ಅಣ್ಣ ತಮ್ಮ ಇಬ್ಬರೂ ಗಾಡಿ ಮ್ಯಾಲೆ ಕಾಲುವಿ ಏರಿ ಹಿಡದು ಹೋದ್ರು, ದೊಡ್ಡಬಸಪ್ಪ ಒಬ್ಬವನೇ ನಡಕೊಂತ ಬಂದ, ಮೈಯೆಲ್ಲ ತೊಯ್ದಿತ್ತು' ಅಂತ ಊರ ತುಂಬ ಸಾರ್ಯಾಳ. ಅವಳ ಕಣ್ಣಿಗೆ ಪೊರಿ ಬಂದೈತಿ, ಹೊತ್ತು ಮುಣಗಿದ ಮ್ಯಾಲೆ ತನ್ನ ಆಡು ತನಗ ಕಾಣಂಗಿಲ್ಲ! ಪಾಳಿ ನೀರು ಕಟ್ಟಾಕ ಹೋದವ ತೊಯ್ಯದ ಬರ್ತಾನೇನು? ಜಗಳಾ ಆಡಿದ್ದು ಖರೆ. ಪಾಳಿ ನಂದೋ ನಿಂದೋ ಅಂತ ಎರಡು ಮಾತು ಬಂದುವು. ಶ್ರೀರಾಮನಗರ ಕಡೆ ಕೇಳು ಹೋಗು, ನೀರಿನ ಪಾಳಿಗೆ ಜಗಳಾ ಆಡಲಾರದ ಅಣ್ಣತಮ್ಮರು ಎಲ್ಲದಾರ?

ಟ್ಯಾಂಕ್ ಇಳಿಸೋಣು. ಆ ಬಾಟ್ಲಿ ಹಿಡಿ. ಕಾಕ್ ತಿರುವಿದೆ... ಬಂತು, ಬಂತು ನೋಡು ಪೆಟ್ರೋಲು. ಅಯ್ಯ, ಇದೇನು... ತಳಕ್ಕ ನೀರು. ಅರ್ಧ ಬಾಟ್ಲಿ ನೀರೇ ಐತೆಲ್ಲ! ಇಬ್ಬನಿ ಇರಬೇಕು. ಇಬ್ಬನಿ ಹಂಗ ಒಳಗ ಇಳೀತೈತಿ. ಅಥವಾ ತಗಡು ಸೋರಿ...

ಯಾಕ ಮ್ಯಾಲೆ ನೋಡ್ತಿ? ಹೌದವಾ, ತಗಡು ಹೊಸಾದು, ನಾನೇ ಹಾಕಿಸೀನಿ. ಮರಿಸ್ವಾಮಿ ಹಿತ್ತಲದಾಗ ಸೋರಿರಬೇಕು ಅಂದೆ. ಬಾಟ್ಲಿ ಕೆಳಗಿಡು. ಇಡು ಅಂದ್ನೆಲ್ಲ! ಬೆಳಕಿಗೆ ಹಿಡದು ಏನು ನೋಡೂದೈತಿ ಅದರಾಗ? ಕೆಂಪಂದ್ರ ಜಂಗು, ಕೆಳಗ ಕುಂತದ್ದು... ಉಸುಕು. ಉಸುಕೇ ಇರಬೇಕು.

ಆತು, ಇದೊಂದು ಬಾಜೂ ಡಬ್ಬಿ ತಗದು ಏರ್ ಫಿಲ್ಟರ್ ಝಾಡಿಸಿಬಿಟ್ರ ಮುಗೀತು. ನೀ ಆಚೆ ಸರಿ, ಧೂಳ ಹಾರ್ತೈತಿ... ಸರಿ ಅಂದೆ!

...

ಇದು... ಇದು ಮಣ್ಣು. ಹಾಂ, ಮಣ್ಣೇ. ಅಷ್ಟು ಹತ್ರ ಬರಬ್ಯಾಡ. ಕೈ ಹಾಕಬ್ಯಾಡ! ಇಲಿ ತಂದು ತುಂಬಿರಬೇಕು, ಇಲಿಗೇನು, ಎಲ್ಲಿ ಸಂದಿ ಸಿಕ್ರ ಅಲ್ಲಿ... ಮೂಸಿ ಏನು ನೋಡ್ತಿ ಅಮೃತವ್ವ? ಹೊಲದ ಕರೀ ಎರಿ ಮಣ್ಣು ಅದು. ಎರೀನೇ. ಬೂದಿ ಬಣ್ಣ ಇದ್ರೇನಾತು, ಒಣಗಿದ್ರ ಎಲ್ಲಾ ಮಣ್ಣೂ ಬೂದಿ ಬಣ್ಣನೇ. ಪ್ರತಿ ವರ್ಷ ಕಾಲುವಿ ಹೂಳು ತಂದು ನೀ ಮನಿ ಮುಂದಿನ ಕಟ್ಟಿಗೆ ಬಳೀತಿ, ನಿನಗ ಎಲ್ಲಾ ಹೂಳು ಕಂಡಂಗ ಕಾಣ್ತೈತಿ...

ಏನದು ಕೈಯಾಗ? ತೋರ್ಸು.

ಶಂಖದ ಹುಳ. ಚಿಪ್ಪು. ಸತ್ತು ಒಣಗಿದ್ದು. ಒಗಿ ಅದನ್ನ. ಅಮೃತವ್ವ, ಒಗಿ ಅಂದೆ! ಸಣ್ಣ ಹುಡುಗರಂಗ ಮುಠಿಗ್ಯಾಗ ಹಿಡ್ಕೊಂಡು... ಮರಿಸ್ವಾಮಿ ಹಿತ್ತಲಕ್ಕ ಹೊಂದಿ ಭತ್ತದ ಗದ್ದಿ ಐತವಾ. ಗದ್ದ್ಯಾಗಿಂದು ಹತ್ತಿ ಬಂದಿರಬೇಕು. ಸೀಟಿನ ಕೆಳಗ... ಡಬ್ಬಿ ಒಳಗ... ಹುಳಕ್ಕೇನು ದಾರಿ ಹೇಳಬೇಕಾ?

ನಿಮ್ಮಣ್ಣಗ ಇದನ್ನ ತೋರ್ಸಬ್ಯಾಡ. ಅವ ಸುಮ್ಮನ ಏನರ ತಿಳ್ಕೋತಾನ. ಕೊಡಿಲ್ಲಿ, ನಾನು ತೊಳದುಬಿಡ್ತೀನಿ, ಒಂದು ಬಕೀಟ್ ನೀರು ಸಾಕು. ಹುಲ್ಲು ಹಚ್ಚಿ, ಉಸುಕು ಹಚ್ಚಿ, ಎತ್ತಿನ ಮೈ ತಿಕ್ಕಿದಂಗ ತಿಕ್ಕಿದ್ದೆ ನಾನು. ಸೈಲೆನ್ಸರ್ ಬಗ್ಗಿಸಿ ನೀರು ಸುರುವೀನಿ, ಚೈನು, ಗಾಲಿ, ಲೈಟಿನ ಬುರುಡಿ, ಎಲ್ಲಾ ತೊಳದೀನಿ, ಹೊತ್ತು ಹೊಂಡೂದ್ರಾಗ ಎಲ್ಲಾ ತೊಳದು ಮುಗಿಸೀನಿ, ಇದೊಂದು ಡಬ್ಬಿ... ಇದರಾಗ ಹೋಗಿ ಕುಂತಿರ್ತೈತಿ ಅಂತ ನನಗೇನು ಗೊತ್ತು? ನಾನೇನು ಫಿಟ್ಟರೇನು?

...

ಅಂದ್ರ... ಮರಿಸ್ವಾಮಿ ಹಿತ್ತಲದಾಗ ತೊಳದೆ ಅಂದೆ. ಅಲ್ಲೇ. ಬೋರಿನ ನೀರಿಲೆ.

ಏನರ ಅನ್ನವಾ. ಹಂಗ ನೋಡಬ್ಯಾಡ. ಸೆರಗು... ಅಮೃತವ್ವ, ನಿನ್ನ ಸೆರಗು ಜಾರೇತಿ. ಹಣಿ ಮ್ಯಾಲಿಂದ ಜಾರೇತಿ ನೋಡು. ಭಾವನ ಮುಂದ ಹಿಂಗ ನಿಂದರಬಾರ್ದು. ಹಾಕ್ಕೋ... ಹಾಕ್ಕೊಳಾಂಗಿಲ್ಲೇನು? ಇಷ್ಟು ವರ್ಷದಾಗ ನಿನ್ನ ಕಣ್ಣು ನಾನು ನೋಡಿದ್ದಿಲ್ಲ. ಈ ಪರಿ ನೋಡ್ತಾರೇನು ಮನುಷ್ಯಾನ್ನ?

ನಾ ದೂಡಿಲ್ಲ.

ದೂಡಿಲ್ಲವಾ, ನಮ್ಮವ್ವನ ಆಣಿ! ನಾ ಹ್ಯಾಂಡಲ್ ಹಿಡದೆ, ಅಷ್ಟೇ. ನಿಲ್ಲಸು, ಇವತ್ತ ಪಾಳಿ ನಂದು, ಇಲ್ಲೇ ತೀರಲಿ ಅಂತ ಹಿಂದ ಕುಂತಲ್ಲೇ ಕೈ ಚಾಚಿ ಹಿಡದೆ. ಏರಿ ಸಣ್ಣದು, ನೀರು ತುಂಬಿ ಹರೀತಿತ್ತು... ನಾನು ಜಿಗದೆ. ಅವ ಗಾಡಿ ಕೂಡ ಕಾಲುವ್ಯಾಗ... ಅವಗ ಈಜು ಬರ್ತಿದ್ದಿಲ್ಲ...

ಯಾರಂದ್ರು ನಾ ದೂಡಿದೆ ಅಂತ? ನೀ ಅಂದಿಲ್ಲ. ನೀ ಏನೂ ಅಂದೇ ಇಲ್ಲ.

ಎಲ್ಲಿಗೆ ಹೊಂಟಿ? ಎಮ್ಮಿ ಯಾಕ ಬಿಚ್ಚಾಕತ್ತಿ? ಈ ಬಿಸಲಾಗ ಅದನ್ನ ಎಲ್ಲಿಗೆ ಹೊಡಕೊಂಡು ಹೋಗ್ತಿ? ಬಿಡು, ಅದಕ್ಕ ಇನ್ನಾ ಮೇವು ಹಾಕಿಲ್ಲ... ಅಮೃತವ್ವ, ಕೇಳಿಲ್ಲಿ. ಇನ್ನೊಂದು ಕಿಕ್ ಹೊಡೀತೀನಿ, ಚಾಲೂ ಆಕ್ಕೈತಿ, ನೋಡು ಬೇಕಾದ್ರ! ಆ ಚಿಪ್ಪು ಇಲ್ಲೇ ಇಟ್ಟು ಹೋಗು. ಮುಠಿಗಿ ತಗೀ. ಕೊಟ್ರೇಶ ಸಂಕ್ರಾಂತಿಗೆ... ಸಂಕ್ರಾಂತಿಗೆ ಅವ...

ಬಾಗಲಾ ಯಾಕ ಎಳೀತಿ?

ಅಮೃತವ್ವ! ಅಗಳಿ ಹಾಕಬ್ಯಾಡ. ಹೊರಗಿನ ಅಗಳಿ... ಹಾಕಿಬಿಟ್ಟೇನು? ತಗೀ. ಕತ್ತಲಿ ಆತಿಲ್ಲಿ, ಪೆಟ್ರೋಲು ನಾರಾಕತ್ತೈತಿ. ಯಾರದು ಬಂದದ್ದು? ಯಂಕೇಶನ ದನಿಯೇನು? ಅವಗೇನೂ ಹೇಳಬ್ಯಾಡ, ಮೊದಲ ನಾ ಹೇಳ್ತೀನಿ, ನನ್ನ ಬಾಯಿಲೆ ಹೇಳ್ತೀನಿ...

ಅಲ್ಲೇ ನಿಂತೀ, ಗೊತ್ತೈತಿ ನನಗ. ಎಮ್ಮಿ ಉಸಿರು ಕೇಳಾಕತ್ತೈತಿ ಬಾಗಲಾ ಸಂದ್ಯಾಗ. ಒಂದು ಮಾತು ಅನ್ನವಾ. ಬೈಯಿ, ಉಗುಳು, ಏನರ ಅನ್ನು. ನನ್ನ ಕೂಡ ಬ್ಯಾಡ...

ಎಮ್ಮಿಗರ ಹೇಳು.